ನಾಲ್ಕೂ ನಾಲ್ಕೂ ಸೇರಿದ್ರೆ ಎರಡು

ಮೊನ್ನೆ ಶನಿವಾರ ಬೆಳಿಗ್ಗೆ ಸಣ್ಣಮಾವನಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಅವನಿಂದ ನನಗೆ ಬರೋದು ಎರಡೇ ಥರದ ಫೋಟೋ. ಒಂದು, ಗುಲಾಬಿ ಹೂವಿನ ಜೊತೆ ಶುಭೋದಯ. ಇನ್ನೊಂದು, ತೋಟಕ್ಕೆ ನುಗ್ಗಿದ ಮಂಗಗಳದ್ದು. ಇದು ಎರಡೂ ಅಲ್ಲ. ಯಾವುದೋ ಕಪ್ಪು ಡಬ್ಬಿಯ ಬೆನ್ನು. ಎರಡು ಸಾಕೆಟ್ಟು, ಒಂದು ಪುಟ್ಟ ಫ್ಯಾನು, ಅದರ ಪಕ್ಕ ಬಿಳಿ ಅಕ್ಷರದಲ್ಲಿ ಏನೋ ಬರೆದಿದೆ. ದೊಡ್ಡದು ಮಾಡಿ ನೋಡಿದೆ. 'ಮಿನಿಮಮ್ ಲೋಡ್ 4 ಓಮ್ಸ್'. ಕೆಳಗೆ ಮಾವನ ಒಂದೇ ಸಾಲು: "ತಗೋಬಹುದಾ ಇಂಜಿನಿಯರ್ರೇ?"

ನಿದ್ದೆ ಪೂರ್ತಿ ಹಾರಿಹೋಯ್ತು.

ಆ 'ಇಂಜಿನಿಯರ್ರೇ' ಅನ್ನೋದರ ಹಿಂದೆ ಒಂದು ಕತೆ ಇದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ಡಿಗ್ರಿ ಸರ್ಟಿಫಿಕೇಟಿಗೇ ಅವಮಾನ. ಆದ್ರೆ ಮೊನ್ನೆ ಮಾವನ ಜೊತೆ ಮಾತಾಡಿದ ಮೇಲೆ ಬರೆದುಬಿಡೋಣ ಅನ್ನಿಸ್ತು. ಸ್ವಲ್ಪ ಉದ್ದ ಇದೆ, ಒಂದು ಲೋಟ ಕಾಫಿ ಮಾಡಿಕೊಂಡು ಕೂತ್ಕೊಳ್ಳಿ.

ಸಣ್ಣಮಾವ ಅಂದ್ರೆ ಅಮ್ಮನ ಕೊನೇ ತಮ್ಮ. ಶಿವಮೊಗ್ಗ ಜಿಲ್ಲೆಯ ನಮ್ಮ ಪುಟ್ಟ ಊರಲ್ಲಿ ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಹಗಲೆಲ್ಲಾ ಪಹಣಿ, ಆಧಾರ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು. ಗಣಪತಿ ಹಬ್ಬ ಬಂತು ಅಂದ್ರೆ ಮಾತ್ರ ಮಾವ ಬೇರೆಯೇ ಮನುಷ್ಯ. ಹಬ್ಬದಿಂದ ಹಿಡಿದು ರಾಜ್ಯೋತ್ಸವದ ತನಕ ಊರೂರಿನ ಪೆಂಡಾಲಿನಲ್ಲಿ ರಸಮಂಜರಿ ಇರತ್ತಲ್ಲ, ಅಲ್ಲಿ ಅವನು ಬೇಸ್ ಗಿಟಾರ್ ನುಡಿಸ್ತಿದ್ದ.

ರಸಮಂಜರಿ ನೀವೂ ನೋಡಿರ್ತೀರಿ. ಮಿಂಚೋ ಅಂಗಿ ಹಾಕಿದ ಗಾಯಕರು, ಮಧ್ಯೆ ಮಿಮಿಕ್ರಿ, ಕೊನೆಯಲ್ಲಿ ಡ್ಯಾನ್ಸು. ಕೀಬೋರ್ಡಿನವರು ಕಾಣ್ತಾರೆ, ಪ್ಯಾಡಿನವರು ಕಾಣ್ತಾರೆ, ತಬಲಾದವರಿಗೆ ಚಪ್ಪಾಳೆ ಬೀಳತ್ತೆ. ಆದ್ರೆ ಹಿಂದೆ ಮೂಲೆಯಲ್ಲಿ ನಾಲ್ಕು ತಂತಿಯ ಉದ್ದ ಕತ್ತಿನ ಗಿಟಾರ್ ಹಿಡ್ಕೊಂಡು ನಿಂತಿರೋ ಮನುಷ್ಯನ್ನ ನೋಡಿದೀರಾ? ನಾನಂತೂ ಸ್ವಂತ ಮಾವ ಆಗಿರದೇ ಇದ್ರೆ ನೋಡ್ತಿರಲಿಲ್ಲ. "ಬೇಸು ಅಂದ್ರೆ ಸಾರಿಗೆ ಹಾಕಿದ ಇಂಗಿನ ಥರ ಕಣೋ. ಇದ್ದಾಗ ಯಾರಿಗೂ ಗೊತ್ತಾಗಲ್ಲ, ಇಲ್ಲದಾಗ ಗೊತ್ತಾಗತ್ತೆ" ಅಂತ ಮಾವ ಹೇಳ್ತಿದ್ದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಬೇಸಿನ ತೊಂದರೆ ಏನಂದ್ರೆ ಅದನ್ನ ಕೇಳಿಸೋದೇ ಕಷ್ಟ. ನಾಲ್ಕು ತಂತಿಯ ಬೇಸಿನ ಕೆಳಗಿನ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಸೆಕೆಂಡಿಗೆ 41 ಸಲ ಅಷ್ಟೇ ಅಲುಗಾಟ. ಇಷ್ಟು ತಗ್ಗಿನ ಸದ್ದನ್ನ ನಮ್ಮ ಕಿವಿ ಸಲೀಸಾಗಿ ಹಿಡಿಯೋಲ್ಲ. ಹಾಡಿನಷ್ಟೇ ಎದ್ದು ಕೇಳಬೇಕು ಅಂದ್ರೆ ಸ್ಪೀಕರಿನ ಕೋನು ತುಂಬಾ ಗಾಳಿ ತಳ್ಳಬೇಕು, ಆಂಪ್ಲಿಫೈಯರು ತುಂಬಾ ದುಡಿಯಬೇಕು. ಮಾವನ ಹತ್ರ ಇದ್ದದ್ದು ಸೆಕೆಂಡ್ ಹ್ಯಾಂಡ್ ಬೇಸ್ ಆಂಪ್ಲಿಫೈಯರು, 200 ವಾಟಿನದ್ದು. ಜೊತೆಗೆ 4 ಓಮಿನ ಒಂದು ಸ್ಪೀಕರ್ ಬಾಕ್ಸು. ಜೆರಾಕ್ಸ್ ಅಂಗಡಿಯ ದುಡ್ಡಲ್ಲಿ ಎರಡು ವರ್ಷ ಕೂಡಿಟ್ಟು ಬೆಂಗಳೂರಿಗೆ ಬಂದು ತಗೊಂಡು ಹೋಗಿದ್ದ. ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು ಟಿಕೆಟ್ ತಗೊಂಡಿದ್ನಂತೆ. ಅತ್ತೆ ಇವತ್ತಿಗೂ ಅದನ್ನ ಆಡ್ಕೊಳ್ತಾರೆ.

2018ರ ಗಣಪತಿ ಹಬ್ಬ. ನಾನಾಗ ಇಂಜಿನಿಯರಿಂಗ್ ಕೊನೇ ವರ್ಷ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಆಗಷ್ಟೇ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತ್ತು. ಊರಿಗೆ ಹೋದ್ರೆ ಎಲ್ಲರೂ "ಇಂಜಿನಿಯರ್ರು ಬಂದ್ರು" ಅನ್ನೋರು. ನನಗೂ ಒಳಗೊಳಗೇ ಖುಷಿ. ಯಾರ ಮನೆ ಮಿಕ್ಸಿ ಕೆಟ್ಟರೂ "ಕೊಡಿ ಇಲ್ಲಿ" ಅನ್ನುವಷ್ಟು ಧೈರ್ಯ. (ಮಿಕ್ಸಿ ಒಂದೂ ಸರಿಹೋಗಿದ್ದು ನೆನಪಿಲ್ಲ, ಅದು ಬೇರೆ ಮಾತು.)

ಆ ಸಲ ನಮ್ಮೂರಲ್ಲೇ ದೊಡ್ಡ ಕಾರ್ಯಕ್ರಮ, ಹೈಸ್ಕೂಲ್ ಮೈದಾನದಲ್ಲಿ. ಮಾವನಿಗೆ ಒಂದೇ ಚಿಂತೆ. ಹಿಂದಿನ ವರ್ಷ ಅವನ ಬೇಸು ಮೂರನೇ ಸಾಲಿನಿಂದಾಚೆ ಯಾರಿಗೂ ಕೇಳಿರಲಿಲ್ಲ. ಸೌಂಡಿನವರ ಮಿಕ್ಸರಿನಲ್ಲಿ ಇದ್ದ ಚಾನೆಲ್ಲೆಲ್ಲಾ ಹಾಡೋರ ಮೈಕು, ಕೀಬೋರ್ಡು, ಪ್ಯಾಡು, ತಬಲಾಕ್ಕೇ ಮುಗಿದುಹೋಗ್ತಿತ್ತು. ಬೇಸ್ ಅಣ್ಣನಿಗೆ ತನ್ನ ಡಬ್ಬವೇ ಗತಿ. ಅದೂ ಅಲ್ದೆ ತಂಡದ ಮಾಲೀಕರು ಒಂದೆರಡು ಸಲ ಅಂದಿದ್ರಂತೆ, "ಕೀಬೋರ್ಡಲ್ಲಿ ಎಡಗೈಲೇ ಬೇಸ್ ಬರತ್ತಲ್ರೀ, ಒಬ್ಬರ ಸಂಭಾವನೆ ಉಳಿಯತ್ತೆ" ಅಂತ. ನಗ್ತಾ ಹೇಳಿದ್ದು. ಆದ್ರೆ ಇಂಥಾ ಮಾತನ್ನೆಲ್ಲ ಜನ ನಗ್ತಾನೇ ತಾನೇ ಹೇಳೋದು?

"ಮಾವ, ಇನ್ನೊಂದು ಬಾಕ್ಸ್ ಹಾಕಿದ್ರಾಯ್ತು" ಅಂದೆ ನಾನು.

ಪಕ್ಕದೂರಿನ ಇನ್ನೊಂದು ತಂಡದಲ್ಲಿ ಮಾವನ ಸ್ನೇಹಿತರೊಬ್ರು ಇದ್ರು. ಅವರ ಹತ್ರ ಅಂಥದ್ದೇ ಬಾಕ್ಸು, ಅದೂ 4 ಓಮಿನದ್ದೇ. ಗೂಡ್ಸ್ ಆಟೋದಲ್ಲಿ ಹೋಗಿ ತಂದ್ವಿ. ಮಾವ ಆಂಪ್ಲಿಫೈಯರಿನ ಬೆನ್ನು ತಿರುಗಿಸಿ, "ಇಲ್ಲಿ ಏನೋ 4 ಓಮ್ಸ್ ಮಿನಿಮಮ್ ಅಂತ ಬರ್ದಿದಾರೆ ನೋಡು, ಎರಡು ಹಾಕಬಹುದಾ?" ಅಂತ ಕೇಳಿದ. ಕೇಳಿದ್ದ ಅವನು. ಅದೇ ನನಗೆ ಇವತ್ತಿಗೂ ಚುಚ್ಚೋದು.

ನಾನು ಟಾರ್ಚ್ ಬಿಟ್ಟು ನೋಡಿದೆ. ಸ್ಪೀಕರಿಗೆ ಎರಡು ಸಾಕೆಟ್ಟು ಇದೆ. ಆಂಪ್ಲಿಫೈಯರು 4 ಅನ್ನತ್ತೆ. ಈ ಬಾಕ್ಸೂ 4, ಆ ಬಾಕ್ಸೂ 4. "ಎಲ್ಲಾ ಮ್ಯಾಚ್ ಆಗತ್ತೆ ಮಾವ, ಅದಕ್ಕೇ ಎರಡು ಸಾಕೆಟ್ ಕೊಟ್ಟಿದಾರೆ" ಅಂದೆ. ಅಷ್ಟು ಖಚಿತವಾಗಿ ನಾನು ಯಾವ ವೈವಾದಲ್ಲೂ ಉತ್ತರ ಕೊಟ್ಟವನಲ್ಲ.

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರು ಈಗಾಗಲೇ ತಲೆ ಚಚ್ಕೊಂಡಿರ್ತೀರಿ. ಓದದೇ ಇರೋರಿಗೆ ಹೇಳ್ತೀನಿ.

ಹಿಂದೆ ಇರೋ ಆ ಎರಡು ಸಾಕೆಟ್ಟು ಬೇರೆ ಬೇರೆ ಅಲ್ಲ. ಒಳಗಡೆ ಎರಡಕ್ಕೂ ಒಂದೇ ತಂತಿ. ಎರಡು ಬಾಕ್ಸ್ ಸಿಕ್ಕಿಸಿದರೆ ಅವೆರಡೂ ಪ್ಯಾರಲಲ್ ಆಗತ್ತೆ. ಟ್ಯಾಂಕಿನ ಬುಡಕ್ಕೆ ಒಂದು ನಲ್ಲಿ ಇದ್ದದ್ದು ಎರಡಾದ ಹಾಗೆ. ನೀರಿಗಿರೋ ಅಡ್ಡಿ ಜಾಸ್ತಿ ಆಯ್ತೋ ಕಮ್ಮಿ ಆಯ್ತೋ? ಕಮ್ಮಿ. 4 ಮತ್ತು 4 ಸೇರಿ 8 ಆಗೋದು ಒಂದರ ಹಿಂದೊಂದು, ಸೀರೀಸಿನಲ್ಲಿ ಜೋಡಿಸಿದಾಗ. ಪ್ಯಾರಲಲ್ಲಿನಲ್ಲಿ 4 ಮತ್ತು 4 ಸೇರಿದ್ರೆ 2. ಎಷ್ಟು ಪರೀಕ್ಷೆಯಲ್ಲಿ ಈ ಲೆಕ್ಕ ಮಾಡಿದ್ದೆ ನಾನು! ಆದ್ರೆ ಪ್ರಶ್ನೆಪತ್ರಿಕೆಯಲ್ಲಿ ಆರ್-ಒಂದು, ಆರ್-ಎರಡು ಅಂತ ಇರತ್ತೆ. ಮಾವನ ಬಾಕ್ಸಿನ ಮೇಲೆ ಹಾಗೆ ಬರೆದಿರಲಿಲ್ಲ ನೋಡಿ.

ಇನ್ನೊಂದು ಗೊಂದಲ 'ಲೋಡ್' ಅನ್ನೋ ಪದದ್ದು. ಓಮ್ ಕಮ್ಮಿಯಾದ್ರೆ ಲೋಡೂ ಹಗುರ ಅಂತ ಮನಸ್ಸು ತಾನಾಗೇ ಅಂದ್ಕೊಳ್ಳತ್ತೆ. ಉಲ್ಟಾ. ಓಮ್ ಕಮ್ಮಿ ಆದಷ್ಟೂ ಕರೆಂಟು ಜಾಸ್ತಿ ಹರಿಯತ್ತೆ, ಆಂಪ್ಲಿಫೈಯರಿಗೆ ಹೊರೆ ಜಾಸ್ತಿ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರು ವೋಲ್ಟೇಜು ಕೊಡೋಕೆ ಕೂತಿರತ್ತೆ. ಎಷ್ಟು ಕರೆಂಟು ಎಳೀತೀಯೋ ಎಳ್ಕೋ ಅನ್ನತ್ತೆ, ಸಾಯೋ ತನಕ. ಲೆಕ್ಕ ಮಾಡಿ ನೋಡಿ. 4 ಓಮಿಗೆ 200 ವಾಟ್ ಅಂದ್ರೆ ಸುಮಾರು 28 ವೋಲ್ಟು, 7 ಆಂಪು. ಅದೇ 28 ವೋಲ್ಟು 2 ಓಮಿಗೆ ಅಂದ್ರೆ 14 ಆಂಪು. ಅಲೆಯ ತುದಿಯಲ್ಲಿ 20 ಆಂಪು. ಕಾಗದದ ಮೇಲೆ 400 ವಾಟು! ಪುಕ್ಕಟೆ 200 ವಾಟ್ ಸಿಕ್ತಲ್ಲ ಅಂತ ಖುಷಿಪಡೋ ಹಾಗಿಲ್ಲ. ಟ್ರಾನ್ಸಿಸ್ಟರುಗಳಲ್ಲಿ ಸುಮ್ಮನೆ ಬಿಸಿಯಾಗಿ ಹೋಗೋ ಶಕ್ತಿಯೂ ಹೀಗೇ ಎರಡು ಪಟ್ಟು ಆಗತ್ತೆ. ಹೀಟ್ ಸಿಂಕು ಮಾತ್ರ ಮೊದಲಿದ್ದಷ್ಟೇ ಅಗಲ.

ಇಷ್ಟೆಲ್ಲಾ ಮಾಡಿ ಸಿಗೋದಾದ್ರೂ ಎಷ್ಟು? ಪವರ್ ಎರಡು ಪಟ್ಟಾದ್ರೆ ಸದ್ದು ಏರೋದು 3 ಡೆಸಿಬೆಲ್. ಕಿವಿಗೆ 'ಎರಡು ಪಟ್ಟು ಜೋರಾಯ್ತು' ಅನ್ನಿಸಬೇಕಾದ್ರೆ ಸುಮಾರು 10 ಡೆಸಿಬೆಲ್, ಅಂದ್ರೆ ಹತ್ತು ಪಟ್ಟು ಪವರ್ ಬೇಕು. ಎರಡನೇ ಬಾಕ್ಸು ಪಕ್ಕದಲ್ಲೇ ಇರೋದ್ರಿಂದ ತಗ್ಗಿನ ಸ್ವರಗಳಿಗೆ ಇನ್ನೊಂದು 3 ಸಿಗಬಹುದು. ಇದೆಲ್ಲಾ ನನಗೆ ಈಗ ಗೊತ್ತು. ಅವತ್ತು ಗೊತ್ತಿದ್ದದ್ದು ಒಂದೇ: ಸ್ವಿಚ್ ಹಾಕಿ ಮಾವ ಒಂದು ತಂತಿ ಎಳೆದಾಗ ಮೈದಾನದ ಆ ಕಡೆ ಗೂಡಂಗಡಿಯವರು ತಿರುಗಿ ನೋಡಿದ್ರು. ಮಾವನ ಮುಖದಲ್ಲಿ ಅಂಥಾ ನಗು ನಾನು ಮೊದಲು ನೋಡಿರಲಿಲ್ಲ.

ಇದೇ ನೋಡಿ ಇದರ ಮೋಸ. ತಪ್ಪು ಜೋಡಿಸಿದ ತಕ್ಷಣ ಢಂ ಅಂದುಬಿಟ್ಟಿದ್ರೆ ಒಳ್ಳೇದಿತ್ತು. ಹಾಗಾಗಲ್ಲ. ಮೊದಲಿಗಿಂತ ಚೆನ್ನಾಗೇ ಕೆಲಸ ಮಾಡತ್ತೆ. ಸ್ಪೀಕರಿನ 4 ಓಮ್ ಅನ್ನೋದು ಒಂದು ಹೆಸರು ಅಷ್ಟೇ. ಮಲ್ಟಿಮೀಟರ್ ಇಟ್ಟರೆ 3 ಚಿಲ್ಲರೆ ತೋರಿಸತ್ತೆ, ಸ್ಪೀಕರು ತಾನಾಗೇ ಅನುರಣಿಸೋ ಒಂದು ಸ್ವರದ ಹತ್ರ ಅದೇ ಇಂಪಿಡೆನ್ಸ್ ಹಲವು ಪಟ್ಟು ಮೇಲೆ ಹೋಗಿಬಿಡತ್ತೆ. ಯಾವ ಸ್ವರ ನುಡಿಸ್ತಿದೀರಿ ಅನ್ನೋದರ ಮೇಲೆ ಹೊರೆ ಹತ್ತಿ ಇಳಿದು ಮಾಡ್ತಾ ಇರತ್ತೆ. ಅದಕ್ಕೇ "ನಾವು ಎಷ್ಟೋ ವರ್ಷದಿಂದ ಹೀಗೇ ಓಡಿಸ್ತಿದೀವಿ, ಏನೂ ಆಗಿಲ್ಲ" ಅನ್ನೋ ಜನ ಎಲ್ಲಾ ಕಡೆ ಇರ್ತಾರೆ. ಅವರು ಸುಳ್ಳು ಹೇಳ್ತಿಲ್ಲ. ಅವರದ್ದು ಇನ್ನೂ ಸುಟ್ಟಿಲ್ಲ, ಅಷ್ಟೇ.

ನಮಗೆ ಎಚ್ಚರಿಕೆ ಕೂಡ ಸಿಕ್ಕಿತ್ತು. ಸಂಜೆ ಆರೂವರೆಗೆ ಸೌಂಡ್ ಚೆಕ್ ಮಾಡುವಾಗ ಪಟ್ ಅಂತ ಆಂಪ್ಲಿಫೈಯರು ಆಫ್ ಆಯ್ತು. ಹಿಂದಿನ ಗಾಜಿನ ಫ್ಯೂಸು ಹೋಗಿತ್ತು. ಎರಡೂವರೆ ಆಂಪಿನದ್ದು. ಊರಿನ ಎಲೆಕ್ಟ್ರಿಕಲ್ ಅಂಗಡಿಗಳು ಹಬ್ಬಕ್ಕೆ ಬಾಗಿಲು ಹಾಕಿದ್ವು. ಸೌಂಡಿನವರ ಡಬ್ಬಿಯಲ್ಲಿ ತಡಕಾಡಿದಾಗ ಅದೇ ಸೈಜಿನ ಒಂದು ಫ್ಯೂಸು ಸಿಕ್ತು. ಹತ್ತು ಆಂಪಿನದ್ದು. ಸೌಂಡಿನ ಹುಡುಗ "ಅಣ್ಣ, ಇದು ದೊಡ್ಡದಾಯ್ತಲ್ವಾ?" ಅಂದ. "ಒಂದು ರಾತ್ರಿಗೆ ಏನಾಗಲ್ಲ ಬಿಡು, ಫ್ಯೂಸ್ ಹಳೇದಾಗಿತ್ತು" ಅಂದೆ ನಾನು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದ್ದ ಹುಡುಗ ಅವನು. ಪಾಪ, ಇಂಜಿನಿಯರಿನ ಮಾತು ನಂಬಿದ.

ಎಂಟು ಗಂಟೆಗೆ ಕಾರ್ಯಕ್ರಮ ಶುರುವಾಯ್ತು. ಗಣಪತಿಯ ಹಾಡು ಮುಗೀತು, ಆಮೇಲೆ ರಾಜ್‌ಕುಮಾರ್ ಹಾಡುಗಳು ಸಾಲಾಗಿ ಬಂದ್ವು. ಮಾವನ ಬೇಸು ಎಷ್ಟು ಚೆನ್ನಾಗಿ ಕೇಳ್ತಿತ್ತು ಅಂದ್ರೆ ಅಮ್ಮ ಕೂಡ "ಅದು ಅವನದ್ದೇ ಅಲ್ವಾ ಗುಂಯ್ ಅಂತಿರೋದು?" ಅಂತ ಕೇಳಿದ್ರು. ನಾನು ಎದೆಯುಬ್ಬಿಸಿ ಕೂತಿದ್ದೆ. ಸುಮಾರು ಒಂದು ಗಂಟೆ.

ವಾಸನೆ ಮೊದಲು ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ, ಮೋಟರ್ ವೈಂಡಿಂಗ್ ಸುಟ್ಟಾಗ ಬರತ್ತಲ್ಲ, ಆ ಥರದ ವಾಸನೆ. ಆಮೇಲೆ ಬೇಸಿನ ಬದಲು 'ಗುಂ...' ಅನ್ನೋ ಒಂದೇ ಸದ್ದು. ತಂದಿದ್ದ ಬಾಕ್ಸಿನ ಕೋನು ಮುಂದಕ್ಕೆ ಚಾಚಿಕೊಂಡು ಹಾಗೇ ನಿಂತುಬಿಟ್ಟಿತ್ತು, ಅಲುಗಾಡ್ತಿಲ್ಲ. ಅದರ ಹಿಂದಿನಿಂದ ತೆಳ್ಳಗೆ ಹೊಗೆ. ಮಾವ ಗಿಟಾರಿನ ವಾಲ್ಯೂಮು ತಿರುಗಿಸಿದ, ಏನೂ ಆಗಲಿಲ್ಲ. ಕೊನೆಗೆ ಸೌಂಡಿನ ಹುಡುಗನೇ ಓಡಿ ಬಂದು ಪ್ಲಗ್ ಕಿತ್ತ.

ಏನಾಗಿತ್ತು ಅಂತ ಈಗ ಹೇಳಬಲ್ಲೆ. ಒಂದು ಔಟ್‌ಪುಟ್ ಟ್ರಾನ್ಸಿಸ್ಟರು ಬಿಸಿ ತಾಳಲಾರದೆ ಶಾರ್ಟ್ ಆಗಿತ್ತು. ಟ್ರಾನ್ಸಿಸ್ಟರು ಸತ್ತಾಗ ಸಾಮಾನ್ಯವಾಗಿ ಕದ ಮುಚ್ಚಿಕೊಂಡು ಸಾಯೋಲ್ಲ, ತೆರೆದಿಟ್ಟುಕೊಂಡು ಸಾಯತ್ತೆ. ಆಗ ಒಳಗಿನ 45 ವೋಲ್ಟು ಡಿಸಿ ನೇರ ಸ್ಪೀಕರಿಗೆ. ಡಿಸಿ ಬಂದರೆ ಕೋನು ಅಲುಗಾಡೋಲ್ಲ, ಒಂದೇ ಕಡೆ ತಳ್ಳಿಸಿಕೊಂಡು ನಿಲ್ಲತ್ತೆ, ಒಳಗಿನ ವಾಯ್ಸ್ ಕಾಯಿಲ್ ಒಲೆಯ ಥರ ಕಾಯತ್ತೆ. ಆ ಹೊತ್ತಿಗೆ ಗೋಡೆಯಿಂದ ಎಳೀತಿದ್ದದ್ದು ಅಂದಾಜು 5 ಆಂಪು. ಎರಡೂವರೆಯ ಫ್ಯೂಸಾಗಿದ್ರೆ ತನ್ನ ಕೆಲಸ ಮಾಡಿ ಸಾಯ್ತಿತ್ತು, ಬಾಕ್ಸ್ ಉಳಿಯೋ ಸಾಧ್ಯತೆಯಾದ್ರೂ ಇರ್ತಿತ್ತು. ಹತ್ತು ಆಂಪಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಆಂಪ್ಲಿಫೈಯರು ಸುಟ್ಟದ್ದು ನನ್ನ ಅಜ್ಞಾನದಿಂದ. ಆದ್ರೆ ಬೇರೆಯವರ ಬಾಕ್ಸು ಸುಟ್ಟದ್ದು ನಾನು ಬೇಕೂಂತ ತೆಗೆದು ಹಾಕಿದ ಆ ಗಾಜಿನ ಕೊಳವೆಯಿಂದ.

"ವಾಲ್ಯೂಮು ಅರ್ಧಕ್ಕೇ ಇಟ್ಟಿದ್ವಲ್ಲ" ಅಂತ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಆಮೇಲೆ ಪುಸ್ತಕ ತೆಗೆದು ನೋಡಿದ್ರೆ ಅದೂ ಸುಳ್ಳು. ಈ ಜಾತಿಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರುಗಳು ಅತೀ ಹೆಚ್ಚು ಬಿಸಿಯಾಗೋದು ಪೂರ್ತಿ ಜೋರಿನಲ್ಲಿ ಅಲ್ಲ. ಪೂರ್ತಿ ಪವರಿನ ಸುಮಾರು 40 ಶೇಕಡಾದಲ್ಲಿ. ಅಂದ್ರೆ ನಾವು 'ಹದವಾಗಿ' ಇಟ್ಟಿದೀವಿ ಅಂದ್ಕೊಂಡ ಜಾಗವೇ ಅದಕ್ಕೆ ಕೆಂಡ. ನಾಲ್ಕನೇ ಸೆಮಿಸ್ಟರಿನಲ್ಲಿ ಈ ಪ್ರಶ್ನೆಗೆ ಹತ್ತು ಮಾರ್ಕ್ಸು. ನಾನು ಬರೆದಿದ್ದೆ, ಡಯಾಗ್ರಾಮ್ ಸಮೇತ.

ಆದ್ರೆ ಸುಟ್ಟದ್ದಲ್ಲ ದೊಡ್ಡ ವಿಷಯ. ಆಮೇಲೆ ಆದದ್ದು.

ಮಾಲೀಕರು ಕೀಬೋರ್ಡಿನವರ ಕಡೆ ನೋಡಿ ಕೈಸನ್ನೆ ಮಾಡಿದ್ರು. ಅವರು ಎಡಗೈಯಲ್ಲಿ ಬೇಸ್ ಶುರು ಮಾಡಿದ್ರು. ಹಾಡು ನಿಲ್ಲಲೇ ಇಲ್ಲ. ಮಾವ ಸದ್ದಿಲ್ಲದ ಗಿಟಾರನ್ನು ಕೊರಳಿಗೆ ಹಾಕ್ಕೊಂಡು ಎರಡು ಹಾಡು ಹಾಗೇ ನಿಂತಿದ್ದ. ಒಂದೊಂದು ಸಲ ಅಭ್ಯಾಸಬಲದಿಂದ ಬೆರಳು ಆಡಿಸ್ತಿದ್ದ ಕೂಡ. ಆಮೇಲೆ ಮೆಲ್ಲಗೆ ಸ್ಟೇಜಿನ ಹಿಂದೆ ಇಳಿದು ಹೋದ. ಸಾವಿರ ಜನ ಇದ್ರೇನೋ ಮೈದಾನದಲ್ಲಿ. ಯಾರೂ ಗಮನಿಸಲಿಲ್ಲ. ಇಂಗಿಲ್ಲದ ಸಾರನ್ನ ಎಲ್ಲರೂ ಸುರಿದು ಉಂಡರು. ಯಾರೂ ಗಮನಿಸಲಿಲ್ಲ ಅನ್ನೋದನ್ನ ಗಮನಿಸಿದ್ದು ಮಾಲೀಕರೊಬ್ಬರೇ.

ಮನೆಗೆ ಬಂದ ಮೇಲೆ ಮಾವ ಎಲ್ಲರ ಎದುರು "ಹಳೇ ಸೆಟ್ಟು ಮಾರಾಯ, ಇವತ್ತಲ್ಲ ನಾಳೆ ಹೋಗೋದೇ" ಅಂದ. ನಾನು ತಲೆ ತಗ್ಗಿಸಿ ಊಟ ಮಾಡಿದೆ. 'ಮಾವ, ತಪ್ಪು ನಂದು' ಅಂತ ಹೇಳೋಕೆ ಬಾಯಿ ಬರಲಿಲ್ಲ. ಯಾಕಂದ್ರೆ ಆ ರಾತ್ರಿ ನನಗೂ ಪೂರ್ತಿ ಗೊತ್ತಿರಲಿಲ್ಲ. ಹಾಸ್ಟೆಲಿಗೆ ವಾಪಸ್ ಬಂದು ಲೆಕ್ಕ ಮಾಡಿ ನೋಡಿದ ದಿನ ಗೊತ್ತಾಯ್ತು. ಗೊತ್ತಾದ ಮೇಲೂ ಹೇಳಲಿಲ್ಲ ನೋಡಿ, ಅದಕ್ಕೆ ಯಾವ ಸಬೂಬೂ ಇಲ್ಲ.

ಮಾವ ಆಂಪ್ಲಿಫೈಯರನ್ನ ಶಿವಮೊಗ್ಗದಲ್ಲಿ ರಿಪೇರಿ ಮಾಡಿಸಿದ. ಸ್ನೇಹಿತರ ಸ್ಪೀಕರಿಗೆ ಹೊಸ ಕಾಯಿಲ್ ಹಾಕಿಸಿಕೊಟ್ಟ. ಆ ಸೀಸನ್ನಿನ ಸಂಪಾದನೆ ಅಲ್ಲಿಗಲ್ಲಿಗಾಯ್ತು. ಮುಂದಿನ ವರ್ಷ ತಂಡದಿಂದ ಕರೆ ಬರಲಿಲ್ಲ. ಜಗಳ ಇಲ್ಲ, ಏನಿಲ್ಲ. ಸುಮ್ಮನೆ ಕರೀಲಿಲ್ಲ. 2020ರಲ್ಲಿ ಕೊರೋನಾ ಬಂದು ರಸಮಂಜರಿಗಳೇ ನಿಂತುಹೋದ್ವು. ಅಂಗಡಿ ಬಾಡಿಗೆ ಕಟ್ಟೋಕೆ ಮಾವ ಆಂಪ್ಲಿಫೈಯರನ್ನ ಮಾರಿದ. ಗಿಟಾರು ಮಾತ್ರ ಮಾರಲಿಲ್ಲ. ಅಟ್ಟದ ಮೇಲೆ ಹಳೇ ಪಂಚೆ ಸುತ್ತಿಕೊಂಡು ಮಲಗಿತ್ತು.

ನಾನು ಬೆಂಗಳೂರಿಗೆ ಬಂದು ಸಾಫ್ಟ್‌ವೇರಿನಲ್ಲಿ ಸೇರಿಕೊಂಡೆ. ಇಲ್ಲಿ ಓಮೂ ಇಲ್ಲ, ಆಂಪೂ ಇಲ್ಲ. ಆದ್ರೆ ಯಾರಾದರೂ ಮೀಟಿಂಗಿನಲ್ಲಿ "ಓಡ್ತಿದೆಯಲ್ಲ, ಲಿಮಿಟ್ ಸ್ವಲ್ಪ ಜಾಸ್ತಿ ಮಾಡಿಬಿಡಿ, ಆ ಅಲರ್ಟ್ ಬರೋದು ನಿಲ್ಲತ್ತೆ" ಅಂದಾಗ ನನಗೆ ಸುಟ್ಟ ವೈಂಡಿಂಗಿನ ವಾಸನೆ ಬರತ್ತೆ. ನಿಜವಾಗ್ಲೂ ಬರತ್ತೆ.

ಈ ಮಧ್ಯೆ ಇದರ ಬಗ್ಗೆ ಒಂದಷ್ಟು ಓದಿಕೊಂಡೆ. ಪಾಪಪ್ರಜ್ಞೆ ಮನುಷ್ಯನನ್ನ ಎಷ್ಟು ಓದಿಸತ್ತೆ ಅಂತೀರಿ! 2 ಓಮ್ ಅನ್ನೋದೇ ಪಾಪ ಅಲ್ಲ. 1969ರಲ್ಲಿ ಬಂದ ಆಂಪೆಗ್ ಕಂಪನಿಯ ಎಸ್‌ವಿಟಿ ಅನ್ನೋ 300 ವಾಟಿನ ವಾಲ್ವ್ ಆಂಪ್ಲಿಫೈಯರನ್ನ 2 ಅಥವಾ 4 ಓಮಿಗೆ ಅಂತಲೇ ಮಾಡಿದ್ರು. ಅದರ ಜೊತೆಯ ದೊಡ್ಡ ಬಾಕ್ಸಿನಲ್ಲಿ ಎಂಟು ಸ್ಪೀಕರು, ಒಂದೊಂದೂ 32 ಓಮು. ಎಂಟೂ ಪ್ಯಾರಲಲ್, ಒಟ್ಟು 4. ಅಂಥ ಎರಡು ಬಾಕ್ಸ್ ಹಾಕಿದ್ರೆ 2. ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರು ಒಳಗೇ ಇದೆ, ಹಾಗಾಗಿ ತೊಂದರೆ ಇಲ್ಲ. ಅಂದಹಾಗೆ ವಾಲ್ವ್ ಆಂಪ್ಲಿಫೈಯರುಗಳ ನಿಯಮವೇ ಬೇರೆ. ಅವಕ್ಕೆ ಕಮ್ಮಿ ಓಮಿಗಿಂತ ದೊಡ್ಡ ಅಪಾಯ ಸ್ಪೀಕರನ್ನೇ ಸಿಕ್ಕಿಸದೆ ನುಡಿಸೋದು. ಆಗ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಏರಿ ಅದೇ ಸುಟ್ಟುಹೋಗಬಹುದು. ಟ್ರಾನ್ಸಿಸ್ಟರಿನದ್ದನ್ನ ಸ್ಪೀಕರ್ ಇಲ್ಲದೆ ಇಟ್ಟರೆ ಸಾಮಾನ್ಯವಾಗಿ ಏನೂ ಆಗಲ್ಲ. ಒಬ್ಬರ ಪಥ್ಯ ಇನ್ನೊಬ್ಬರಿಗೆ ವಿಷ.

ಇನ್ನೊಂದು ವಿಷಯ ಓದಿ ನಗು ಬಂತು. ಓಮ್ ಅನ್ನೋ ಹೆಸರಿನ ಜರ್ಮನಿಯ ಆಸಾಮಿ 1827ರಲ್ಲಿ ಆ ನಿಯಮದ ಪುಸ್ತಕ ಬರೆದಾಗ ಶಾಲಾ ಮೇಷ್ಟ್ರು. ಮೊದಮೊದಲು ದೊಡ್ಡವರು ಯಾರೂ ಕ್ಯಾರೇ ಅನ್ನಲಿಲ್ಲ. ಹದಿನಾಲ್ಕು ವರ್ಷ ಆದ ಮೇಲೆ, 1841ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಕರೆದು ಪದಕ ಕೊಡ್ತು. 'ಇಂಪಿಡೆನ್ಸ್' ಅನ್ನೋ ಪದವನ್ನ 1886ರಲ್ಲಿ ಹುಟ್ಟಿಸಿದ ಆಲಿವರ್ ಹೆವಿಸೈಡ್ ಹದಿನಾರಕ್ಕೇ ಶಾಲೆ ಬಿಟ್ಟವನು, ಟೆಲಿಗ್ರಾಫ್ ಆಪರೇಟರ್ ಆಗಿದ್ದವನು. ಡಿಗ್ರಿ ಇಲ್ಲದವನು ಕೊಟ್ಟ ಪದವನ್ನ ಡಿಗ್ರಿ ಇದ್ದ ನಾನು ತಪ್ಪು ಓದಿದೆ. ಫ್ಯೂಸ್ ದೊಡ್ಡದಾಯ್ತಲ್ವಾ ಅಂದ ಹುಡುಗನ ನೆನಪಾಯ್ತು.

ಸರಿ, ಮೊನ್ನೆಯ ವಿಷಯಕ್ಕೆ ಬರ್ತೀನಿ. ಫೋಟೋ ನೋಡಿದವನೇ ಫೋನ್ ಮಾಡಿದೆ. ಊರಿನ ಐವತ್ತು ದಾಟಿದ ನಾಲ್ಕು ಜನ ಸೇರಿಕೊಂಡು ಭಾನುವಾರ ಸಂಜೆ ಹಳೇ ಹಾಡು ನುಡಿಸ್ತಿದಾರಂತೆ. ಬರೋ ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಒಂದು ಕಾರ್ಯಕ್ರಮ ಕೊಡಬೇಕು ಅಂತ ಆಸೆಯಂತೆ. ಗಿಟಾರು ಅಟ್ಟದಿಂದ ಇಳಿದಿದೆ. ಮಾವನ ದನಿಯಲ್ಲಿ ಅದೇ ಹಳೇ ಗಣಪತಿ ಹಬ್ಬದ ಉಮೇದು.

"ಕ್ಲಾಸ್ ಡಿ ಅಂತೆ ಮಾರಾಯ, ಒಂದು ಕೈಲಿ ಎತ್ತಬಹುದು. ಬಸ್ಸಲ್ಲಿ ಸೀಟು ಬೇಡ" ಅಂತ ನಕ್ಕ. ನಾನು ಒಂದೇ ಉಸಿರಿಗೆ ಶುರು ಮಾಡಿದೆ. "ಮಾವ, ಒಂದೇ ಬಾಕ್ಸ್ ಆದ್ರೆ 4 ಓಮಿಂದು ಹಾಕು. ಎರಡು ಬೇಕೂಂದ್ರೆ ಎರಡೂ 8 ಓಮಿಂದೇ ತಗೋಬೇಕು, ಆಗ ಒಟ್ಟು 4 ಆಗತ್ತೆ. ಒಂದು 8, ಒಂದು 4 ಅಂತ ಹಾಕಬೇಡ, 2.67 ಆಗತ್ತೆ. ಒಳಗೇ ಸ್ಪೀಕರ್ ಇರೋ ಕಾಂಬೋ ಆದ್ರೆ ಅದನ್ನೂ ಲೆಕ್ಕಕ್ಕೆ ಹಿಡೀಬೇಕು..."

"ಗೊತ್ತು ಮಾರಾಯ" ಅಂದ ಮಾವ, ನಡುವೆ ಬಾಯಿ ಹಾಕಿ. "ನಾಲ್ಕೂ ನಾಲ್ಕೂ ಸೇರಿದ್ರೆ ಎರಡು."

ನನಗೆ ಮಾತೇ ಹೊರಡಲಿಲ್ಲ. "ನಿಂಗೆ ಹ್ಯಾಗೆ ಗೊತ್ತು?" ಅಂದೆ.

"ಅವತ್ತು ಶಿವಮೊಗ್ಗದಲ್ಲಿ ರಿಪೇರಿಯವ್ರೇ ಹೇಳಿದ್ರಲ್ಲ. ರೇಡಿಯೋ ಕಾಲದವ್ರು ಅವ್ರು. ಮುಚ್ಚಳ ತೆಗೆದವ್ರೇ, 'ಎರಡು ಬಾಕ್ಸ್ ಹಾಕಿದ್ರಾ?' ಅಂದ್ರು. ಫ್ಯೂಸ್ ನೋಡಿ 'ಇದ್ಯಾವ ಪುಣ್ಯಾತ್ಮ ಹಾಕಿದ್ದು?' ಅಂದ್ರು. ನಾನೇ ಹಾಕಿದ್ದು ಅಂದೆ. ಅರ್ಧ ಗಂಟೆ ಬೈದು ಕಾಗದದ ಮೇಲೆ ಲೆಕ್ಕ ಬರ್ದು ತೋರ್ಸಿದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಮಾವ?"

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಜೆರಾಕ್ಸ್ ಮಷೀನಿನ ಸದ್ದು ಕೇಳ್ತಿತ್ತು. "ನಿಂಗೆ ಆಗಷ್ಟೇ ಕೆಲ್ಸ ಸಿಕ್ಕಿತ್ತು. ಊರಿಗೆಲ್ಲಾ ನಿಮ್ಮಮ್ಮ ಸ್ವೀಟ್ ಹಂಚಿದ್ಲು. ಆಗ ಹೋಗಿ ನಿಂಗೆ ನಾಲ್ಕೂ ನಾಲ್ಕೂ ಎಷ್ಟು ಅಂತ ಕೇಳಕ್ಕಾಗತ್ತಾ?"

ನಾನು ಆಗ ಹೇಳಿದೆ. ಇಷ್ಟು ವರ್ಷ ಹೇಳಬೇಕಾಗಿದ್ದದ್ದನ್ನೆಲ್ಲಾ. ಫ್ಯೂಸಿನ ವಿಷಯ, ಹಾಸ್ಟೆಲಿನಲ್ಲಿ ಲೆಕ್ಕ ಮಾಡಿದ ವಿಷಯ, ಅವನು ತಂಡ ಬಿಡೋ ಹಾಗಾದದ್ದು ನನ್ನಿಂದ ಅಂತ ಅನ್ನಿಸೋ ವಿಷಯ. ಮಾವ ಪೂರ್ತಿ ಕೇಳಿಸಿಕೊಂಡ. "ಅವರಿಗೆ ಹೆಂಗೂ ನನ್ನ ಬಿಡಿಸ್ಬೇಕಿತ್ತು. ನಿಂದಲ್ದೆ ಇದ್ರೆ ಇನ್ನೊಂದು ನೆಪ" ಅಂದ. ಇರಬಹುದು. ಆದ್ರೆ ನೆಪ ಕೈಗೆ ಕೊಟ್ಟವನು ನಾನೇ ಅಲ್ವಾ? ಇದನ್ನ ಯಾವ ಫಾರ್ಮುಲಾ ಹಾಕಿ ಬಿಡಿಸೋದು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಬಾಕ್ಸಿನ ದುಡ್ಡು ನಾನು ಕೊಡ್ತೀನಿ ಅಂದೆ. ಮೊದಲು ಬೇಡ ಅಂದ, ಆಮೇಲೆ ಒಪ್ಪಿದ. ಮುಂದಿನ ಶನಿವಾರ ಊರಿಗೆ ಹೋಗ್ತಿದೀನಿ. ಎಸ್.ಪಿ. ರೋಡಿಗೆ ಹೋಗಿ ಒಂದು ಒಳ್ಳೇ ಮಲ್ಟಿಮೀಟರು ತಂದಿಟ್ಟಿದೀನಿ. ಈ ಸಲ ಬಾಕ್ಸಿನ ಬೆನ್ನಿನ ಮೇಲೆ ಬರೆದದ್ದನ್ನ ನಂಬದೆ ನಾನೇ ಅಳತೆ ಮಾಡ್ತೀನಿ, 8 ಅಂತ ಬರೆದಿದ್ರೆ ಮೀಟರು ಸುಮಾರು 6 ತೋರಿಸಬೇಕು. ನಿಮ್ಮನೇಲೋ ನಿಮ್ಮೂರ ಭಜನಾ ಮಂಡಳಿಯಲ್ಲೋ ಆಂಪ್ಲಿಫೈಯರಿಗೆ ಇನ್ನೊಂದು ಡಬ್ಬ ಸಿಕ್ಕಿಸೋಣ ಅಂತ ಯಾರಾದ್ರೂ ಹೊರಟ್ರೆ, ದಯವಿಟ್ಟು ಒಂದು ನಿಮಿಷ ತಡೆದು ಬೆನ್ನು ತಿರುಗಿಸಿ ಓದಿ. ಫ್ಯೂಸು ಹೋದ್ರೆ ಅದು ಯಾಕೆ ಹೋಯ್ತು ಅಂತ ಅದನ್ನೇ ಕೇಳಿ.

ಫೋನ್ ಇಡೋ ಮುಂಚೆ "ಏನಾದ್ರೂ ತರ್ಬೇಕಾ ಮಾವ?" ಅಂತ ಕೇಳಿದೆ.

"ಏನು ಬೇಕಾದ್ರೂ ತಗೊಂಡ್ ಬಾ" ಅಂದ. "ಫ್ಯೂಸ್ ಮಾತ್ರ ತರ್ಬೇಡ." :)